ಕಾನೂನು ಸಲಹೆ: ಅಲ್ಲಿ ಅಂಗಡಿಯಲ್ಲಿ ಸಿಗುವ ಗಾಂಜಾ, ಇಲ್ಲಿಯ ಕಾಯ್ದೆ

ಉತ್ತರ ಕನ್ನಡ ಜಿಲ್ಲೆಯ ಓದುಗರಿಂದ ಈಚೆಗೆ ಬಂದ ಪತ್ರಗಳಲ್ಲಿ ಗಾಂಜಾಕ್ಕೆ ಸಂಬಂಧಿಸಿದವೇ ಹೆಚ್ಚಾಗಿರುವುದರಿಂದ ಈ ಸಂಚಿಕೆಯ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇವೆ. ಹೆಸರು ಹಾಕಬೇಡಿ ಎಂದು ಬಹುತೇಕ ಎಲ್ಲರೂ ಕೇಳಿಕೊಂಡಿರುವ ಕಾರಣ ಊರನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ನನ್ನ ಮಗ ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್‌ನಲ್ಲಿ ಎಂ.ಎಸ್. ಓದುತ್ತಿದ್ದಾನೆ, ವಯಸ್ಸು 23. ಅಲ್ಲಿ ಗಾಂಜಾವನ್ನು ಅಂಗಡಿಯಲ್ಲಿಟ್ಟು ಮಾರುತ್ತಾರೆ, ಬಿಲ್ಲು ಕೊಡುತ್ತಾರೆ, ಗೆಳೆಯರ ಜೊತೆ ಹೋಗಿ ನಾನೂ ಒಮ್ಮೆ ತಂದಿದ್ದೆ ಎಂದು ಫೋನಿನಲ್ಲಿ ಸಹಜವಾಗಿ ಹೇಳಿದ. ಸರ್ಕಾರವೇ ಒಪ್ಪಿದ ಮೇಲೆ ತಪ್ಪೇನು ಎಂಬುದು ಅವನ ವಾದ. ಅವನು ಹೇಳುವುದು ನಿಜವೇ? ನಿಜವಾದರೆ ಅವನು ಯಾವ ನಿಯಮಗಳನ್ನು ಪಾಲಿಸಬೇಕು?
— ಓದುಗರು, ಕುಮಟಾ

ಉತ್ತರ: ನಿಮ್ಮ ಮಗ ಹೇಳಿದ್ದು ಅರ್ಧ ನಿಜ. ಉಳಿದರ್ಧವನ್ನು ಆ ಅಂಗಡಿಯವರು ಹೇಳುವುದಿಲ್ಲ, ಹೇಳಬೇಕಾದ ಹೊಣೆಯೂ ಅವರಿಗಿಲ್ಲ.

ಕೊಲರಾಡೊದ ಮತದಾರರು 2012ರ ನವೆಂಬರ್‌ನಲ್ಲಿ ವಯಸ್ಕರ ಬಳಕೆಗೆ ಒಪ್ಪಿಗೆ ಕೊಟ್ಟರು. 2014ರ ಜನವರಿ 1ರಿಂದ ಪರವಾನಗಿ ಪಡೆದ ಅಂಗಡಿಗಳು ತೆರೆದವು. 21 ವರ್ಷ ತುಂಬಿದವರು ಸರ್ಕಾರಿ ಗುರುತಿನ ಚೀಟಿ ತೋರಿಸಿ ಕೊಳ್ಳಬಹುದು. ವಿದೇಶಿಯರಿಗೆ ಪಾಸ್‌ಪೋರ್ಟ್ ನಡೆಯುತ್ತದೆ. ಒಂದು ಬಾರಿಗೆ ಕೊಳ್ಳಬಹುದಾದ ಮಿತಿ ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ. ಬಳಿ ಇಟ್ಟುಕೊಳ್ಳಬಹುದಾದದ್ದು ಎರಡು ಔನ್ಸ್. ಮಕ್ಕಳ ಕೈಗೆ ಸುಲಭವಾಗಿ ತೆರೆಯದಂಥ ಪೊಟ್ಟಣದಲ್ಲಿಯೇ ಕೊಡಬೇಕು. ತಿನ್ನುವ ಗಮ್ಮಿ, ಚಾಕಲೇಟುಗಳಲ್ಲಿ ಅಮಲಿನ ಅಂಶವಾದ ಟಿಎಚ್‌ಸಿ ಒಂದು ತುಂಡಿಗೆ 10 ಮಿಲಿಗ್ರಾಂ, ಇಡೀ ಪೊಟ್ಟಣಕ್ಕೆ 100 ಮಿಲಿಗ್ರಾಂ ಮೀರುವಂತಿಲ್ಲ. ತುಂಡಿನ ಮೈಮೇಲೇ ಎಚ್ಚರಿಕೆಯ ಗುರುತು ಒತ್ತಿರಬೇಕು. ಹೀಗೆ ತಿಂದದ್ದು ಏರಲು ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಹಿಡಿಯುವುದರಿಂದ, ಏನೂ ಆಗಲಿಲ್ಲವೆಂದು ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡು ಆಸ್ಪತ್ರೆ ಸೇರುವವರಲ್ಲಿ ಹೊಸಬರೇ ಹೆಚ್ಚು. ಇದು ಕಾನೂನಿನ ಮಾತಲ್ಲದಿದ್ದರೂ ತಂದೆಯಾದ ನಿಮಗೆ ತಿಳಿದಿರಲಿ.

ಕೊಂಡದ್ದನ್ನು ಎಲ್ಲಿ ಬಳಸಬಹುದು ಎಂಬಲ್ಲಿ ಹೊಸಬರು ಎಡವುತ್ತಾರೆ. ರಸ್ತೆ, ಉದ್ಯಾನ, ಕಾಲುದಾರಿ, ಕಾರಿನ ಒಳಗೆ ಇವೆಲ್ಲವೂ ನಿಷಿದ್ಧ. ಬಾಡಿಗೆ ಮನೆಯಲ್ಲಿ ಮಾಲೀಕರು ಬೇಡವೆಂದು ಕರಾರಿನಲ್ಲಿ ಬರೆದಿದ್ದರೆ ಅಲ್ಲಿಯೂ ಆಗದು. ವಿಶ್ವವಿದ್ಯಾಲಯದ ಆವರಣದಲ್ಲಂತೂ, ರಾಜ್ಯದ ಕಾನೂನು ಏನೇ ಹೇಳಲಿ, ನಿಷೇಧವಿರುತ್ತದೆ. ಕೇಂದ್ರದ ಅನುದಾನ ಪಡೆಯುವ ವಿದ್ಯಾಸಂಸ್ಥೆಗಳು ಆವರಣವನ್ನು ಮಾದಕ ದ್ರವ್ಯದಿಂದ ಮುಕ್ತವಾಗಿಡಬೇಕೆಂಬ ಕಾಯ್ದೆ ಅಲ್ಲಿ 1989ರಿಂದ ಇದೆ. ವಾಹನ ಚಲಾಯಿಸುವವರ ರಕ್ತದಲ್ಲಿ ಮಿಲಿಲೀಟರಿಗೆ 5 ನ್ಯಾನೋಗ್ರಾಂ ಟಿಎಚ್‌ಸಿ ಕಂಡರೆ, ಅಮಲಿನಲ್ಲಿ ಚಲಾಯಿಸಿದ್ದಾರೆಂದು ನ್ಯಾಯಾಲಯ ಊಹಿಸಬಹುದು.

ಇನ್ನು ಗಡಿಯ ವಿಷಯ. ಕೊಲರಾಡೊದ ನೆರೆಯ ವಯೋಮಿಂಗ್, ಕ್ಯಾನ್ಸಸ್ ರಾಜ್ಯಗಳಲ್ಲಿ ಈ ಬಳಕೆಗೆ ಒಪ್ಪಿಗೆಯಿಲ್ಲ. ದಕ್ಷಿಣದ ನ್ಯೂ ಮೆಕ್ಸಿಕೊದಲ್ಲಿ ಒಪ್ಪಿಗೆ ಇದೆ, ಆದರೂ ಡೆನ್ವರ್‌ನಲ್ಲಿ ಕೊಂಡ ಪೊಟ್ಟಣವನ್ನು ಕಾರಿನಲ್ಲಿಟ್ಟು ಅಲ್ಲಿಗೆ ಒಯ್ದರೆ ಅದು ಕೇಂದ್ರ ಕಾನೂನಿನ ಅಪರಾಧವಾಗುತ್ತದೆ. ಎರಡೂ ಕಡೆ ಒಪ್ಪಿಗೆಯಿರುವ ರಾಜ್ಯಗಳ ನಡುವೆಯೂ ಸಾಗಿಸುವಂತಿಲ್ಲ. ರಾಷ್ಟ್ರೀಯ ಉದ್ಯಾನಗಳು ಕೇಂದ್ರದ ಜಾಗವಾದ್ದರಿಂದ, ರಾಕಿ ಪರ್ವತದ ಉದ್ಯಾನವು ಕೊಲರಾಡೊದ ಒಳಗೇ ಇದ್ದರೂ ಅಲ್ಲಿ ಕೊಲರಾಡೊದ ರಿಯಾಯಿತಿ ನಡೆಯದು. ನೌಕರಿ ಸಿಕ್ಕಿ ಊರು ಬದಲಾಯಿಸಿದಾಗ ನಿಯಮವೂ ಬದಲಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಮಿತಿ 28.5 ಗ್ರಾಂ, ಸತ್ವದ ರೂಪದಲ್ಲಾದರೆ 8 ಗ್ರಾಂ. ನ್ಯೂಯಾರ್ಕಿನಲ್ಲಿ ಮೂರು ಔನ್ಸ್‌ವರೆಗೆ ಇಟ್ಟುಕೊಳ್ಳಬಹುದು. ವಾಷಿಂಗ್ಟನ್ ರಾಜ್ಯದಲ್ಲಿ ಅಂಗಡಿಯಲ್ಲಿ ಕೊಳ್ಳಬಹುದಾದರೂ ಸ್ವಂತಕ್ಕೆಂದು ಮನೆಯಲ್ಲಿ ಒಂದು ಗಿಡ ಬೆಳೆಸುವಂತಿಲ್ಲ. ನಮ್ಮ ಹುಡುಗರು ಹೆಚ್ಚಾಗಿ ನೌಕರಿಗೆ ಹೋಗುವ ಟೆಕ್ಸಾಸ್‌ನಲ್ಲಿ ಇಂಥ ಅಂಗಡಿಯೇ ಇಲ್ಲ.

ನಿಮ್ಮ ಮಗನಿಗೆ ನಿಜವಾಗಿ ತಗಲಬಹುದಾದ ಪೆಟ್ಟು ಬೇರೆ ಕಡೆಯಿಂದ ಬರುವಂಥದ್ದು. ಅಮೆರಿಕದ ಕೇಂದ್ರ ಸರ್ಕಾರದ 1970ರ ನಿಯಂತ್ರಿತ ಪದಾರ್ಥಗಳ ಕಾಯ್ದೆಯ ಪಟ್ಟಿಯಲ್ಲಿ ಗಾಂಜಾ ಇದೆ, ಮತ್ತು ವೀಸಾ, ಗ್ರೀನ್ ಕಾರ್ಡ್, ಪೌರತ್ವ ಇವೆಲ್ಲವೂ ಕೇಂದ್ರದ ಕೈಯಲ್ಲಿವೆ, ರಾಜ್ಯದ ಕೈಯಲ್ಲಲ್ಲ. ಅಲ್ಲಿಯ ವಲಸೆ ಕಾನೂನಿನ ಪ್ರಕಾರ, ಇಂಥ ಪದಾರ್ಥದ ಅಪರಾಧದಲ್ಲಿ ಶಿಕ್ಷೆಯಾದ ವಿದೇಶಿಯನಿಗೆ ಮಾತ್ರವಲ್ಲ, ಶಿಕ್ಷೆಯಾಗದಿದ್ದರೂ ಅಪರಾಧದ ಅಂಶಗಳನ್ನು ಅಧಿಕಾರಿಯ ಮುಂದೆ ವಿಧಿವತ್ತಾಗಿ ಒಪ್ಪಿಕೊಂಡವನಿಗೂ ದೇಶದೊಳಗೆ ಪ್ರವೇಶ ನಿರಾಕರಿಸಬಹುದು. ಸ್ವಂತ ಬಳಕೆಗೆ 30 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇಟ್ಟುಕೊಂಡ ಒಂದೇ ಒಂದು ಪ್ರಕರಣವಾದರೆ ಗಡೀಪಾರಿನಿಂದ ವಿನಾಯಿತಿ ಇದೆ. ಆದರೆ ಅದೇ ಹುಡುಗ ರಜೆಗೆ ಊರಿಗೆ ಬಂದು ಮರಳಿ ಹೋಗುವಾಗ ಪ್ರವೇಶದ ಪ್ರಶ್ನೆ ಎದ್ದರೆ ಆ ವಿನಾಯಿತಿ ತಾನಾಗಿ ಕೈಹಿಡಿಯುವುದಿಲ್ಲ. ರಾಜ್ಯ ಒಪ್ಪಿದ ಬಳಕೆಯೂ ಪೌರತ್ವಕ್ಕೆ ಬೇಕಾದ ಸನ್ನಡತೆಗೆ ಅಡ್ಡಬರಬಹುದು ಎಂದು ಅಲ್ಲಿಯ ವಲಸೆ ಇಲಾಖೆ 2019ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿದೆ. ಅದೇ ಸೂಚನೆಯ ವ್ಯಾಪ್ತಿಗೆ ಗಾಂಜಾ ಉದ್ಯಮದ ನೌಕರಿಯೂ ಬರುತ್ತದೆ; ಗಿಡವನ್ನು ಮುಟ್ಟದೆ ಲೆಕ್ಕ ಬರೆಯುವ, ತಂತ್ರಾಂಶ ನೋಡಿಕೊಳ್ಳುವ ಕೆಲಸವನ್ನು ಅಂಥ ಕಂಪನಿಯಲ್ಲಿ ಹಿಡಿಯುವಾಗಲೂ ವೀಸಾದಲ್ಲಿರುವವರು ಎರಡು ಸಲ ಯೋಚಿಸಬೇಕು. ಬಿಲ್ಲು, ಅಂಗಡಿಯ ಮುಂದೆ ನಿಂತ ಫೋಟೋ, ವಾಟ್ಸ್‌ಆ್ಯಪ್ ಮಾತುಕತೆ ಎಲ್ಲವೂ ಫೋನಿನಲ್ಲಿರುತ್ತವೆ, ಮತ್ತು ಆ ಫೋನನ್ನು ಗಡಿಯಲ್ಲಿ ತೆರೆಸುವ ಅಧಿಕಾರ ಅಲ್ಲಿಯ ಅಧಿಕಾರಿಗಳಿಗಿದೆ.

ಇಷ್ಟು ಸಾಲದೆಂಬಂತೆ ನಮ್ಮದೇ ಕಾಯ್ದೆಯೂ ಇದೆ. 1985ರ ಮಾದಕ ದ್ರವ್ಯ ಮತ್ತು ಮನೋಪರಿಣಾಮಕಾರಿ ಪದಾರ್ಥಗಳ ಕಾಯ್ದೆ, ಅಂದರೆ ಎಲ್ಲರೂ ಎನ್‌ಡಿಪಿಎಸ್ ಎನ್ನುವ ಕಾಯ್ದೆ, ತನ್ನ ಮೊದಲನೆಯ ಕಲಮಿನಲ್ಲೇ ಭಾರತದ ಹೊರಗಿರುವ ಭಾರತೀಯ ಪ್ರಜೆಗಳಿಗೂ ಅನ್ವಯಿಸುತ್ತದೆ ಎನ್ನುತ್ತದೆ. ಹೊರದೇಶದಲ್ಲಿ ನಡೆದದ್ದಕ್ಕೆ ಇಲ್ಲಿ ವಿಚಾರಣೆ ನಡೆಸಲು ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕಾಗುವುದರಿಂದ, ಡೆನ್ವರ್‌ನ ಪೊಟ್ಟಣಕ್ಕಾಗಿ ಕಾರವಾರದಲ್ಲಿ ಪ್ರಕರಣ ದಾಖಲಾದೀತೆಂದು ಹೆದರಬೇಕಾಗಿಲ್ಲ. ಆದರೆ ‘ಅಲ್ಲಿ ಕಾನೂನುಬದ್ಧ’ ಎಂಬ ಮಾತು ಎಷ್ಟು ಸೀಮಿತವಾದದ್ದೆಂದು ಮಗನಿಗೆ ಹೇಳಲು ಈ ಕಲಂ ಸಾಕು.

ನನ್ನ ಸಲಹೆ ಇಷ್ಟು. ಓದು ಮುಗಿಸಿ ವೀಸಾ ಬದಲಾಯಿಸಿಕೊಳ್ಳುವವರೆಗಾದರೂ ಅವನು ಆ ಅಂಗಡಿಯಿಂದ ದೂರವಿರಲಿ. ಮುಂದಿನ ಅರ್ಜಿಯಲ್ಲಿ ಈ ಬಗ್ಗೆ ಪ್ರಶ್ನೆ ಬಂದರೆ ಸುಳ್ಳು ಬರೆಯದಿರಲಿ, ಏಕೆಂದರೆ ಸುಳ್ಳು ಹೇಳಿಕೆಯೇ ಬೇರೊಂದು ಅನರ್ಹತೆಯಾಗುತ್ತದೆ. ಉತ್ತರಿಸುವ ಮೊದಲು ಅಲ್ಲಿಯ ವಲಸೆ ವಕೀಲರೊಬ್ಬರನ್ನು ಕಾಣಲಿ. ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳಿಗೆ ಕಾನೂನು ನೆರವಿನ ಕಚೇರಿ ಇರುತ್ತದೆ.

ಪ್ರಶ್ನೆ: ನನ್ನ ಆಯಿಗೆ ಮೊಣಕಾಲು ನೋವು ವಿಪರೀತ. ಕ್ಯಾಲಿಫೋರ್ನಿಯಾದಲ್ಲಿರುವ ತಂಗಿ ದೀಪಾವಳಿಗೆ ಬರುವಾಗ ಗಾಂಜಾ ಸತ್ವದ ಮುಲಾಮು ಮತ್ತು ನಿದ್ದೆಗೆ ಒಂದು ಡಬ್ಬಿ ಗಮ್ಮಿ ತರುತ್ತೇನೆಂದು ಹೇಳುತ್ತಿದ್ದಾಳೆ. ಔಷಧಿ ಎಂದರೆ ಬಿಡುತ್ತಾರಲ್ಲವೇ?
— ಓದುಗರು, ಶಿರಸಿ

ಉತ್ತರ: ಬಿಡುವುದಿಲ್ಲ. ದಯವಿಟ್ಟು ತರಬೇಡವೆಂದು ಇಂದೇ ತಿಳಿಸಿ.

ಅಮೆರಿಕದಲ್ಲಿ 2018ರ ಕೃಷಿ ಕಾಯ್ದೆಯ ನಂತರ ಟಿಎಚ್‌ಸಿ ಶೇ 0.3ಕ್ಕಿಂತ ಹೆಚ್ಚಿಲ್ಲದ ಗಿಡವನ್ನು ಗಾಂಜಾದಿಂದ ಬೇರೆಯಾಗಿ ನೋಡಲಾಯಿತು. ಅಲ್ಲಿಯ ಮುಲಾಮುಗಳು ಹೆಚ್ಚಾಗಿ ಈ ಗುಂಪಿಗೆ ಸೇರಿದವು. ನಮ್ಮ ಕಾಯ್ದೆಯ ವ್ಯಾಖ್ಯೆ ಶೇಕಡಾವಾರು ಲೆಕ್ಕದ ಮೇಲೆ ನಿಂತಿಲ್ಲ, ಗಿಡದ ಭಾಗದ ಮೇಲೆ ನಿಂತಿದೆ. ಬೇರ್ಪಡಿಸಿದ ಅಂಟು ಚರಸ್ಸು. ಹೂ ಅಥವಾ ಕಾಯಿ ಬಿಟ್ಟ ತುದಿ ಗಾಂಜಾ. ಇವೆರಡರ ಯಾವುದೇ ಮಿಶ್ರಣ, ಇವುಗಳಿಂದ ಮಾಡಿದ ಪಾನೀಯ ಕೂಡ ನಿಷಿದ್ಧ. ಹೀಗಾಗಿ ಹೂವಿನ ತುದಿಯಿಂದ ತೆಗೆದ ಸತ್ವವನ್ನು ಜೇನುಮೇಣಕ್ಕೆ ಬೆರೆಸಿದರೂ ಸಕ್ಕರೆಗೆ ಬೆರೆಸಿದರೂ ಅದು ಮಿಶ್ರಣವೇ. ಅದನ್ನು ದೇಶದೊಳಗೆ ತರುವುದು ಕಲಂ 23ರ ಅಪರಾಧ. ಪ್ರಮಾಣವನ್ನು ಲೆಕ್ಕಹಾಕುವಾಗ ಮಿಶ್ರಣದಲ್ಲಿರುವ ಮಾದಕ ದ್ರವ್ಯದ ತೂಕವನ್ನಷ್ಟೇ ಅಲ್ಲ, ಮಿಶ್ರಣದ ಇಡೀ ತೂಕವನ್ನು ತೆಗೆದುಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2020ರ ಹೀರಾ ಸಿಂಗ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಅಲ್ಲಿಯ ವೈದ್ಯರ ಚೀಟಿಯಿಂದ ಇಲ್ಲಿಯ ಕಸ್ಟಮ್ಸ್ ಮುಂದೆ ಉಪಯೋಗವಿಲ್ಲ. ಅಂಚೆ ಅಥವಾ ಕೊರಿಯರ್ ಮೂಲಕ ಕಳಿಸಿದರೆ, ಪಾರ್ಸೆಲ್ಲಿನ ಮೇಲೆ ವಿಳಾಸವಿರುವುದು ನಿಮ್ಮ ಆಯಿಯದೋ ನಿಮ್ಮದೋ ಆಗಿರುತ್ತದೆ, ವಿಚಾರಿಸಲು ಬರುವವರೂ ಅದೇ ವಿಳಾಸಕ್ಕೆ ಬರುತ್ತಾರೆ.

ಇಲ್ಲಿಯೇ ಕಾನೂನು ಒಪ್ಪಿದ ದಾರಿಗಳಿವೆ. ಬೀಜಕ್ಕೆ ನಿಷೇಧವಿಲ್ಲ, ಹೆಂಪ್ ಬೀಜ, ಅದರ ಎಣ್ಣೆ ಮತ್ತು ಹಿಟ್ಟನ್ನು ಆಹಾರವೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಅಂಗೀಕರಿಸಿದೆ, ಆದರೆ ಬೀಜದಲ್ಲಿ ಟಿಎಚ್‌ಸಿ ಕಿಲೋಗೆ 5 ಮಿಲಿಗ್ರಾಂ, ಎಣ್ಣೆಯಲ್ಲಿ 10 ಮಿಲಿಗ್ರಾಂ ಮೀರುವಂತಿಲ್ಲ. ಕೊಳ್ಳುವಾಗ ಪೊಟ್ಟಣದ ಮೇಲೆ 14 ಅಂಕಿಗಳ ಪರವಾನಗಿ ಸಂಖ್ಯೆ ಇದೆಯೇ ನೋಡಿ. ಎಲೆಯ ಔಷಧಿಗೆ ಆಯುರ್ವೇದದ ದಾರಿ ಇದೆ. ವಿಜಯಾ ಎಂದು ಆಯುರ್ವೇದ ಕರೆಯುವ ಭಂಗಿ, ಅಂದರೆ ಈ ಗಿಡದ ಎಲೆ, 1945ರ ಔಷಧ ನಿಯಮಗಳ ಇ(1) ಅನುಸೂಚಿಯಲ್ಲಿ ವಿಷದ್ರವ್ಯಗಳ ಸಾಲಿನಲ್ಲಿದೆ. ಅಂದರೆ ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕೆಂಬ ಎಚ್ಚರಿಕೆಯನ್ನು ಚೀಟಿಯ ಮೇಲೆ ಮುದ್ರಿಸಿ, ಪರವಾನಗಿ ಪಡೆದ ತಯಾರಕರು ಅದನ್ನು ಔಷಧಿಯಲ್ಲಿ ಬಳಸಬಹುದು. ನೋಂದಾಯಿತ ಆಯುರ್ವೇದ ವೈದ್ಯರನ್ನು ಕಂಡು, ಆಯಿ ಈಗ ತೆಗೆದುಕೊಳ್ಳುತ್ತಿರುವ ರಕ್ತದೊತ್ತಡದ, ಸಕ್ಕರೆ ಕಾಯಿಲೆಯ ಗುಳಿಗೆಗಳನ್ನೂ ತೋರಿಸಿ, ಅವರು ಬರೆದುಕೊಟ್ಟರೆ ಮಾತ್ರ ಕೊಳ್ಳಿ. ಚೀಟಿ ಮತ್ತು ಬಿಲ್ಲನ್ನು ಜೋಪಾನವಾಗಿಡಿ.

ಪ್ರಶ್ನೆ: ಗೋಕರ್ಣದಲ್ಲಿ ಹೋಂಸ್ಟೇ ನಡೆಸುತ್ತೇನೆ. ನಮ್ಮ ದೇಶದಲ್ಲಿ ಇದಕ್ಕೆ ಒಪ್ಪಿಗೆಯಿದೆ ಎಂದು ಹೇಳಿ ಕೆಲವು ವಿದೇಶಿ ಅತಿಥಿಗಳು ಕೋಣೆಯಲ್ಲೇ ಸೇದುತ್ತಾರೆ. ಬೇಡವೆಂದರೆ ಮುನಿಸಿಕೊಂಡು ಹೋಗುತ್ತಾರೆ, ಸುಮ್ಮನಿದ್ದರೆ ಭಯ. ಕಳೆದ ವಾರ ಒಬ್ಬರು ಕೋಣೆ ಬಿಟ್ಟ ಮೇಲೆ ಹಾಸಿಗೆಯ ಕೆಳಗೆ ಒಂದು ಪೊಟ್ಟಣ ಸಿಕ್ಕಿತು. ನನ್ನ ಮೇಲೂ ಕೇಸು ಬರುತ್ತದೆಯೇ?
— ಹೋಂಸ್ಟೇ ಮಾಲೀಕರು, ಗೋಕರ್ಣ

ಉತ್ತರ: ತಿಳಿದೂ ಬಿಟ್ಟರೆ ಬರುತ್ತದೆ. ಮನೆ, ಕೋಣೆ, ಆವರಣ, ವಾಹನ ಯಾವುದೇ ಆಗಲಿ, ಅದರ ಮಾಲೀಕ ಅಥವಾ ಅದರ ಮೇಲೆ ಹಿಡಿತವುಳ್ಳವನು ಅಲ್ಲಿ ಈ ಕಾಯ್ದೆಯ ಅಪರಾಧ ನಡೆಯಲು ತಿಳಿದೂ ಅವಕಾಶ ಕೊಟ್ಟರೆ, ಅಪರಾಧ ಮಾಡಿದವನಿಗೆ ಎಷ್ಟು ಶಿಕ್ಷೆಯೋ ಅಷ್ಟೇ ಶಿಕ್ಷೆ ಅವನಿಗೂ ಎಂದು ಕಲಂ 25 ಹೇಳುತ್ತದೆ. ‘ತಿಳಿದೂ’ ಎಂಬುದೇ ಇಲ್ಲಿ ನಿಮ್ಮ ರಕ್ಷಣೆ. ನಿಮ್ಮ ಪತ್ರವನ್ನು ಓದಿದರೆ ನಿಮಗೆ ತಿಳಿದಿದೆ ಎಂದಾಗುತ್ತದೆ, ಆದ್ದರಿಂದ ಸುಮ್ಮನಿರುವ ಆಯ್ಕೆ ನಿಮಗೆ ಉಳಿದಿಲ್ಲ.

ಅತಿಥಿಗಳು ಹೇಳುವುದು ಅವರ ದೇಶದ ಮಟ್ಟಿಗೆ ಸುಳ್ಳಾಗಿರಲಿಕ್ಕಿಲ್ಲ. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ವಯಸ್ಕರು ಸಾರ್ವಜನಿಕವಾಗಿ 30 ಗ್ರಾಂ ಒಣ ಗಾಂಜಾ ಇಟ್ಟುಕೊಳ್ಳಬಹುದು. ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ಹೊರಗೆ 25 ಗ್ರಾಂ, ಮನೆಯಲ್ಲಿ 50 ಗ್ರಾಂ. ಓಂ ಬೀಚಿನಲ್ಲಾಗಲಿ ಕುಡ್ಲೆ ಬೀಚಿನಲ್ಲಾಗಲಿ ನಡೆಯುವುದು ಭಾರತದ ಕಾನೂನು, ಅವರ ಪಾಸ್‌ಪೋರ್ಟಿನ ಕಾನೂನಲ್ಲ. ಸೇವನೆಗೆ ಕಲಂ 27ರಲ್ಲಿ ಆರು ತಿಂಗಳವರೆಗೆ ಸಜೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ವಿದೇಶಿಯನಾದರೆ ಮೊಕದ್ದಮೆ ಮುಗಿಯುವವರೆಗೆ ದೇಶ ಬಿಡಲಾಗದೆ ಇಲ್ಲಿಯೇ ಉಳಿಯಬೇಕಾಗಿ ಬರಬಹುದು. ಈ ಮಾತನ್ನು ಮೆತ್ತಗೆ ಹೇಳಿದರೆ ಮುನಿಸಿಕೊಳ್ಳುವವರೂ ಕೇಳಿಸಿಕೊಳ್ಳುತ್ತಾರೆ.

ಕೋಣೆಯ ನಿಯಮಗಳಲ್ಲಿ ಮಾದಕ ದ್ರವ್ಯ ನಿಷೇಧವನ್ನು ಕನ್ನಡ, ಇಂಗ್ಲಿಷ್‌ಗಳಲ್ಲಿ ಸ್ಪಷ್ಟವಾಗಿ ಬರೆದು, ಬಂದ ದಿನವೇ ನೋಂದಣಿ ಪುಸ್ತಕದಲ್ಲಿ ಅದರ ಕೆಳಗೆ ಸಹಿ ಪಡೆಯಿರಿ. ವಿದೇಶಿಯರ ವಿವರದ ನಮೂನೆಯನ್ನು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತುಂಬುವುದನ್ನು ತಪ್ಪಿಸಬೇಡಿ. ಬೇರೇನೋ ವಿಚಾರಣೆಗೆ ಬಂದ ಪೊಲೀಸರು ಮೊದಲು ಕೇಳುವುದು ಅದನ್ನೇ. ಒಮ್ಮೆ ಹೇಳಿಯೂ ಕೇಳದವರನ್ನು ಕೋಣೆ ಬಿಡಿಸಿ, ಠಾಣೆಗೆ ತಿಳಿಸಿ.

ಹಾಸಿಗೆಯ ಕೆಳಗೆ ಸಿಕ್ಕಿದ ಪೊಟ್ಟಣವನ್ನು ನೀವು ಏನು ಮಾಡಿದಿರೆಂದು ಬರೆದಿಲ್ಲ. ಇನ್ನೊಮ್ಮೆ ಸಿಕ್ಕಿದರೆ ಅದನ್ನು ಬಿಚ್ಚಬೇಡಿ, ಕಪಾಟಿನಲ್ಲಿ ಎತ್ತಿಡಬೇಡಿ, ಕೆಲಸದ ಹುಡುಗನ ಕೈಯಲ್ಲಿ ಸಮುದ್ರಕ್ಕೆ ಎಸೆಯಲು ಕೊಡಬೇಡಿ. ಎತ್ತಿಟ್ಟರೆ ಸ್ವಾಧೀನ, ಕಳಿಸಿದರೆ ಸಾಗಾಟ. ಇದ್ದಲ್ಲಿಯೇ ಬಿಟ್ಟು, ಬಾಗಿಲಿಗೆ ಬೀಗ ಹಾಕಿ, 112ಕ್ಕೆ ಅಥವಾ ಠಾಣೆಗೆ ಕರೆ ಮಾಡಿ; ಕರೆಯ ಸಮಯವನ್ನು ಬರೆದಿಡಿ. ಪೊಲೀಸರು ಪಂಚರನ್ನು ಕರೆಸಿ ಮಹಜರು ಬರೆಯುತ್ತಾರೆ. ಅದನ್ನು ಓದಿ, ಪೊಟ್ಟಣ ಸಿಕ್ಕಿದ ಜಾಗ ಮತ್ತು ಮಾಹಿತಿ ಕೊಟ್ಟವರು ನೀವೇ ಎಂಬುದು ದಾಖಲಾಗಿದೆಯೇ ಎಂದು ನೋಡಿದ ಮೇಲೆಯೇ ಸಹಿ ಹಾಕಿ.

ಪ್ರಶ್ನೆ: ಭಂಗಿಗೆ ನಿಷೇಧವಿಲ್ಲವೆಂದು ಹೈಕೋರ್ಟೇ ಹೇಳಿದೆಯಂತೆ. ಹಾಗಾದರೆ ಶಿವರಾತ್ರಿಗೆ ಉತ್ತರ ಭಾರತದಿಂದ ಭಂಗಿ ಗುಳಿಗೆ ತರಿಸಿಕೊಳ್ಳಬಹುದೇ?
— ಓದುಗರು, ಅಂಕೋಲಾ

ಉತ್ತರ: ಹೈಕೋರ್ಟ್ ಹೇಳಿದ್ದು ಹೌದು, ಆದರೆ ಹೇಳಿದ್ದರ ವ್ಯಾಪ್ತಿಯನ್ನು ನೋಡಬೇಕು. 2022ರಲ್ಲಿ ಕರ್ನಾಟಕ ಹೈಕೋರ್ಟ್ ಜಾಮೀನು ಅರ್ಜಿಯೊಂದನ್ನು ತೀರ್ಮಾನಿಸುವಾಗ, ಭಂಗಿಯು ಎನ್‌ಡಿಪಿಎಸ್ ಕಾಯ್ದೆಯ ವ್ಯಾಖ್ಯೆಯೊಳಗೆ ಬರುವುದಿಲ್ಲ ಎಂದಿತು. ಕಾರಣ, ತುದಿಯೊಂದಿಗೆ ಸೇರಿಕೊಂಡಿರದ ಬೀಜ ಮತ್ತು ಎಲೆಯನ್ನು ವ್ಯಾಖ್ಯೆ ಹೊರಗಿಟ್ಟಿದೆ. 1961ರ ಅಂತರರಾಷ್ಟ್ರೀಯ ಒಡಂಬಡಿಕೆಯ ವ್ಯಾಖ್ಯೆಯೂ ಹೀಗೆಯೇ ಇದ್ದು, ಅದನ್ನು ಅನುಸರಿಸಿದ ನಮ್ಮ ಕಾಯ್ದೆಯಿಂದಲೂ ಎಲೆ ಹೊರಗುಳಿಯಿತು.

ಆದರೆ ಒಂದು ಕಾಯ್ದೆಯಿಂದ ಹೊರಗುಳಿದದ್ದು ಎಲ್ಲ ಕಾಯ್ದೆಗಳಿಂದಲೂ ಹೊರಗುಳಿಯುವುದಿಲ್ಲ. ಭಂಗಿ ರಾಜ್ಯದ ಅಬಕಾರಿ ವಿಷಯ. ಉತ್ತರ ಪ್ರದೇಶ, ರಾಜಸ್ಥಾನಗಳಲ್ಲಿ ಸರ್ಕಾರ ಅದರ ಮಾರಾಟಕ್ಕೆ ಪರವಾನಗಿ ಕೊಡುತ್ತದೆ. ಜೈಸಲ್ಮೇರ್‌ನ ಕೋಟೆಯ ಬಳಿ ಅಂಥ ಅಂಗಡಿಯನ್ನು ಪ್ರವಾಸಿಗರೆಲ್ಲ ನೋಡಿರುತ್ತಾರೆ. ಆ ಪರವಾನಗಿ ಆ ರಾಜ್ಯದೊಳಗಿನ ಮಾರಾಟಕ್ಕೆ ಮಾತ್ರ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಇದೆ, ಅದರಡಿ ಅನುಮತಿಯಿಲ್ಲದೆ ಅಮಲಿನ ಪದಾರ್ಥವನ್ನು ತರಿಸಿ ಹಂಚುವುದು ಬೇರೆಯೇ ಅಪರಾಧ. ಇನ್ನು ಗುಳಿಗೆ, ಚಾಕಲೇಟು ಎಂದು ಬರುವುದರಲ್ಲಿ ಎಲೆಯಷ್ಟೇ ಇದೆಯೇ, ಹೂವಿನ ತುದಿಯೋ ಅಂಟೋ ಬೆರೆತಿದೆಯೇ ಎಂಬುದು ಕಣ್ಣಿಗೆ ತಿಳಿಯುವಂಥದ್ದಲ್ಲ. ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬರುವವರೆಗೆ ನೀವು ನ್ಯಾಯಾಲಯಕ್ಕೆ ಅಲೆಯಬೇಕಾಗುತ್ತದೆ, ಬೆರೆತಿದೆ ಎಂದು ಬಂದರೆ ಹೈಕೋರ್ಟಿನ ಆ ಮಾತು ನಿಮಗೆ ಅನ್ವಯಿಸುವುದೇ ಇಲ್ಲ. ತರಿಸಬೇಡಿ.

ಪ್ರಶ್ನೆ: ನಮ್ಮ ಅಡಿಕೆ ತೋಟದ ಮೇಲಿನ ಬೆಟ್ಟದ ಅಂಚಿನಲ್ಲಿ, ಬಾಳೆಯ ಮರೆಗೆ, ಬೆರಳುಗಳಂತೆ ಸೀಳಿದ ಗರಗಸದಂಚಿನ ಎಲೆಯ ನಾಲ್ಕು ಗಿಡ ಬೆಳೆದಿರುವುದನ್ನು ನೋಡಿದೆ. ಯಾರು ನೆಟ್ಟರೋ ಗೊತ್ತಿಲ್ಲ. ಕಿತ್ತು ಗೊಬ್ಬರದ ಗುಂಡಿಗೆ ಹಾಕಿದರೆ ಸಾಕಲ್ಲವೇ?
— ಕೃಷಿಕರು, ಸಿದ್ದಾಪುರ

ಉತ್ತರ: ಕೀಳಬೇಡಿ, ತಿಳಿಸಿ. ತನ್ನ ಜಮೀನಿನಲ್ಲಿ ಅಕ್ರಮವಾಗಿ ಬೆಳೆದ ಗಾಂಜಾ ಗಿಡದ ಮಾಹಿತಿಯನ್ನು ಜಮೀನು ಹೊಂದಿದವನು ಕೂಡಲೇ ಪೊಲೀಸರಿಗೆ ಅಥವಾ ಅಬಕಾರಿ ಇಲಾಖೆಗೆ ಕೊಡಬೇಕೆಂದು ಕಲಂ 46 ಹೇಳುತ್ತದೆ. ತಿಳಿದೂ ಕೊಡದಿರುವುದು ಶಿಕ್ಷಾರ್ಹ. ಕಲಂ 47ರ ಪ್ರಕಾರ ಇದೇ ಕರ್ತವ್ಯ ಪಂಚಾಯತಿಯವರಿಗೂ ಗ್ರಾಮದ ಅಧಿಕಾರಿಗಳಿಗೂ ಇದೆ. ಗಿಡ ಬೆಳೆಸಿದ್ದಕ್ಕೆ ಹತ್ತು ವರ್ಷದವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷದವರೆಗೆ ದಂಡ ಇದೆ, ಅಲ್ಲಿ ಗಿಡ ನಾಲ್ಕೋ ನಾನೂರೋ ಎಂಬ ಭೇದವನ್ನು ಕಲಂ ಮಾಡಿಲ್ಲ. ಪಹಣಿಯಲ್ಲಿ ನಿಮ್ಮ ಹೆಸರಿರುವುದರಿಂದ ಮೊದಲು ಉತ್ತರಿಸಬೇಕಾದವರು ನೀವು. ಗಿಡವಿರುವ ಜಾಗ ತೋಟದ ಸರ್ವೆ ನಂಬರಿಗೆ ಸೇರುತ್ತದೋ ಸೊಪ್ಪಿನ ಬೆಟ್ಟಕ್ಕೆ ಸೇರುತ್ತದೋ ಎಂಬುದನ್ನೂ ಮಹಜರಿನಲ್ಲಿ ಬರೆಸಿಕೊಳ್ಳಿ.

ಪ್ರಶ್ನೆ: ಬಾಡಿಗೆ ಕಾರು ಓಡಿಸುತ್ತೇನೆ. ಗೋವಾದಲ್ಲಿ ಗಾಂಜಾಕ್ಕೆ ಪರವಾನಗಿ ಇದೆ ಎಂದು ಹೇಳುವ ಪ್ರಯಾಣಿಕರು ಸಿಗುತ್ತಾರೆ. ಅವರ ಚೀಲದಲ್ಲಿ ಏನಾದರೂ ಸಿಕ್ಕಿದರೆ ನನ್ನ ಕಾರಿನ ಗತಿಯೇನು?
— ಚಾಲಕರು, ಕಾರವಾರ

ಉತ್ತರ: ಗೋವಾದಲ್ಲಿ ಅಂಥ ಪರವಾನಗಿ ಇಲ್ಲ. ಮದ್ಯದ ದರ, ತೆರಿಗೆಗಳು ಆಯಾ ರಾಜ್ಯದವು, ಅದಕ್ಕಾಗಿಯೇ ಗಡಿಯ ಮಾಜಾಳಿಯಲ್ಲಿ ತಪಾಸಣೆ ನಡೆಯುತ್ತದೆ. ಎನ್‌ಡಿಪಿಎಸ್ ಕೇಂದ್ರದ ಕಾಯ್ದೆಯಾದ್ದರಿಂದ ಗೋವಾ ಗಡಿಯ ಪೋಳೆಂನ ಆಚೆಗೂ ಈಚೆಗೂ ಒಂದೇ. ಮಾದಕ ದ್ರವ್ಯ ಸಾಗಿಸಿದ ವಾಹನವನ್ನು ಕಲಂ 60ರ ಅಡಿ ಮುಟ್ಟುಗೋಲು ಹಾಕಬಹುದು. ಮಾಲೀಕನ ಅರಿವಿಲ್ಲದೆ, ಅವನೂ ಅವನ ಚಾಲಕನೂ ತಕ್ಕ ಎಚ್ಚರ ವಹಿಸಿದ ಮೇಲೂ ಹೀಗಾಯಿತೆಂದು ಮಾಲೀಕನೇ ರುಜುವಾತುಪಡಿಸಿದರೆ ವಾಹನ ಉಳಿಯುತ್ತದೆ. ಆದ್ದರಿಂದ ಪ್ರಯಾಣಿಕರ ಹೆಸರು, ಫೋನ್ ಸಂಖ್ಯೆ, ಹತ್ತಿದ ಜಾಗವನ್ನು ಟ್ರಿಪ್ ಶೀಟಿನಲ್ಲಿ ಬರೆಯಿರಿ. ಪ್ರಯಾಣಿಕರಿಲ್ಲದೆ ಚೀಲ ಅಥವಾ ಪಾರ್ಸೆಲ್ ಮಾತ್ರ ಒಯ್ಯಲು ಒಪ್ಪಬೇಡಿ.

ಪ್ರಶ್ನೆ: ಬ್ಯಾಂಕಾಕ್ ಪ್ರವಾಸಕ್ಕೆ ಹೊರಟಿದ್ದೇನೆ. ಥಾಯ್ಲೆಂಡಿನಲ್ಲಿ ಕೊಂಡದ್ದನ್ನು ಸ್ವಲ್ಪ ತಂದರೆ ಆಗುವುದೇ?
— ಓದುಗರು, ಭಟ್ಕಳ

ಉತ್ತರ: ಆಗದು. ಥಾಯ್ಲೆಂಡ್ 2022ರ ಜೂನ್‌ನಲ್ಲಿ ಗಾಂಜಾವನ್ನು ಮಾದಕ ದ್ರವ್ಯಗಳ ಪಟ್ಟಿಯಿಂದ ತೆಗೆಯಿತು, 2025ರ ಜೂನ್‌ನಲ್ಲಿ ಮತ್ತೆ ವೈದ್ಯರ ಚೀಟಿ ಬೇಕೆಂದು ಬಿಗಿಮಾಡಿತು. ಬ್ಯಾಂಕಾಕ್‌ನಿಂದ ಬರುವ ವಿಮಾನಗಳಲ್ಲಿ ಹೈಡ್ರೋ ಗಾಂಜಾ (ಮಣ್ಣಿಲ್ಲದೆ ನೀರಿನಲ್ಲಿ ಬೆಳೆಸಿದ್ದು) ಸಿಕ್ಕಿದ ಸುದ್ದಿ ಬೆಂಗಳೂರು ವಿಮಾನ ನಿಲ್ದಾಣದಿಂದ ಪದೇ ಪದೇ ಬರುತ್ತಿರುವುದರಿಂದ ಆ ದಾರಿಯ ಸಾಮಾನುಗಳ ಮೇಲೆ ಕಸ್ಟಮ್ಸ್ ಕಣ್ಣು ಹೆಚ್ಚು. ಪರಿಚಯದವರು ‘ಊರಿಗೆ ಮುಟ್ಟಿಸು’ ಎಂದು ಕೊಡುವ ತಿಂಡಿಯ ಪೊಟ್ಟಣವನ್ನೂ ಹಿಡಿದುಕೊಳ್ಳಬೇಡಿ.

ಪ್ರಶ್ನೆ: ಕಾಲೇಜಿಗೆ ಹೋಗುವ ನನ್ನ ಮಗನ ಜೇಬಿನಲ್ಲಿ 30 ಗ್ರಾಂ ಗಾಂಜಾ ಸಿಕ್ಕಿ ಪ್ರಕರಣ ದಾಖಲಾಗಿದೆ. ವಯಸ್ಸು 19. ಒಂದು ವರ್ಷದಿಂದ ಸೇದುತ್ತಿದ್ದನೆಂದು ಈಗ ಅಳುತ್ತಾ ಹೇಳುತ್ತಾನೆ. ಅವನ ಬದುಕು ಇಲ್ಲಿಗೆ ಮುಗಿಯಿತೇ?
— ಒಬ್ಬ ತಾಯಿ, ಹೊನ್ನಾವರ

ಉತ್ತರ: ಮುಗಿದಿಲ್ಲ, ಅಮ್ಮ. ನಿಮ್ಮ ಮಗನಂಥವರಿಗೆಂದೇ ಈ ಕಾಯ್ದೆ ಒಂದು ಬಾಗಿಲನ್ನು ತೆರೆದಿಟ್ಟಿದೆ. ಅದನ್ನು ಹೇಳುವವರು ಕಡಿಮೆ.

ಗಾಂಜಾದಲ್ಲಿ 1 ಕಿಲೋಗಿಂತ ಕಡಿಮೆಯಾದರೆ ಅಲ್ಪ ಪ್ರಮಾಣ, 20 ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ. ಚರಸ್ಸಿನಲ್ಲಿ ಈ ಲೆಕ್ಕ 100 ಗ್ರಾಂ ಮತ್ತು 1 ಕಿಲೋ. ಅಲ್ಪ ಪ್ರಮಾಣಕ್ಕೆ ಒಂದು ವರ್ಷದವರೆಗೆ ಕಠಿಣ ಸಜೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಜಾಮೀನನ್ನು ತೀರ ಕಷ್ಟವಾಗಿಸುವ ಕಲಂ 37ರ ಷರತ್ತುಗಳು ವಾಣಿಜ್ಯ ಪ್ರಮಾಣದಂಥ ದೊಡ್ಡ ಪ್ರಕರಣಗಳಿಗೆ ಮೀಸಲು, 30 ಗ್ರಾಮಿಗೆ ಅವು ಅಡ್ಡಬರುವುದಿಲ್ಲ. ಹುಡುಗನ ಮೈಯನ್ನು ತಪಾಸಣೆ ಮಾಡುವ ಮೊದಲು, ಪತ್ರಾಂಕಿತ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ತಪಾಸಣೆ ಕೋರುವ ಹಕ್ಕಿದೆಯೆಂದು ಕಲಂ 50ರಂತೆ ಅವನಿಗೆ ತಿಳಿಸಿದ್ದರೇ ಎಂಬುದನ್ನು ನಿಮ್ಮ ವಕೀಲರು ನೋಡಬೇಕು. ಜೇಬಿನಲ್ಲಿ ಸಿಕ್ಕಿದ್ದರಿಂದ ಆ ಪ್ರಶ್ನೆ ಇಲ್ಲಿ ಮುಖ್ಯ, ಚೀಲದಲ್ಲಿ ಸಿಕ್ಕಿದ್ದರೆ ಅಷ್ಟು ಮುಖ್ಯವಾಗುತ್ತಿರಲಿಲ್ಲ. ವಕೀಲರ ಖರ್ಚು ಭಾರವೆನಿಸಿದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ.

ನಾನು ಹೇಳಿದ ಬಾಗಿಲು ಕಲಂ 64ಎ. ವ್ಯಸನಿಯಾದವನು ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಎದುರಿಸುತ್ತಿದ್ದು, ಸರ್ಕಾರ ನಡೆಸುವ ಅಥವಾ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ತಾನಾಗಿ ವ್ಯಸನಮುಕ್ತಿ ಚಿಕಿತ್ಸೆ ಕೋರಿ ಪಡೆದರೆ, ಆ ಆರೋಪಕ್ಕಾಗಿ ಅವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆಯನ್ನು ಹಿಂದಕ್ಕೆ ಪಡೆಯಬಹುದು. ಒಂದು ವೇಳೆ ವಿಚಾರಣೆ ಮುಗಿದು ತಪ್ಪಿತಸ್ಥನೆಂದಾದರೂ, ಸಜೆಯ ಬದಲು ಬಾಂಡ್ ಬರೆಸಿಕೊಂಡು ಚಿಕಿತ್ಸೆಗೆ ಕಳಿಸುವ ಅಧಿಕಾರವನ್ನು ಕಲಂ 39 ನ್ಯಾಯಾಲಯಕ್ಕೆ ಕೊಟ್ಟಿದೆ.

ಹಾಗಾಗಿ ವಕೀಲರನ್ನು ಕಂಡ ಬೆನ್ನಿಗೇ ಮಗನನ್ನು ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ಹೋಗುವ ಮೊದಲು ಮಾತನಾಡಬೇಕೆನಿಸಿದರೆ 14446 ಸಂಖ್ಯೆಯ ವ್ಯಸನಮುಕ್ತಿ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು. ತಾನಾಗಿ ಬಂದಿದ್ದೇನೆ ಎಂಬುದನ್ನು ಹೊರರೋಗಿ ಚೀಟಿಯಲ್ಲಿ ಬರೆಸಿ; ಪ್ರತಿ ಭೇಟಿಯ ದಿನಾಂಕ, ಮುದ್ರೆ ಇರುವ ಚೀಟಿಗಳನ್ನು ಒಂದೇ ಕಡತದಲ್ಲಿಟ್ಟು, ಅವುಗಳ ಪ್ರತಿಯನ್ನು ವಕೀಲರ ಮೂಲಕ ಆರಂಭದಲ್ಲೇ ನ್ಯಾಯಾಲಯಕ್ಕೆ ಸಲ್ಲಿಸಿ.